ಡ್ರಿಲ್ ಮೋಟರಿಗೆ ಗಾಲಿ ಕೂರಿಸುವುದು

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮೇಜಿನ ಮೇಲೆ ಬಿಚ್ಚಿಟ್ಟ ಡ್ರಿಲ್ ತೋರಿಸುತ್ತಾ ಹೇಳಿದ್ದನ್ನು ಓದುವವರಿಗಾಗಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾದಾಡುವ ರೋಬೋಟ್ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಆಯುಧದ ಮೇಲೆ. ಗಿರಗಿರ ತಿರುಗುವ ಬ್ಲೇಡು, ಎದುರಾಳಿಯನ್ನು ಎತ್ತಿ ಒಗೆಯುವ ಫ್ಲಿಪ್ಪರ್, ಕಿಡಿ ಹಾರುವುದು, ಜನ ಕೂಗುವುದು. ಇವತ್ತು ಅದರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಗಾಲಿಯ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಗಾಲಿಗೂ ಮೋಟರಿಗೂ ನಡುವೆ ಇರುವ ಎರಡು ಇಂಚು ಜಾಗದ ಬಗ್ಗೆ.

ಯಾಕೆ ಅಂತ ಕೇಳಿದರೆ, ಈ ಆಟದ ನಿಯಮ ನೋಡಿ. ಅಲ್ಲಾಡದೆ ನಿಂತ ರೋಬೋಟಿಗೆ ಎಣಿಕೆ ಶುರುವಾಗುತ್ತದೆ. ಎಣಿಕೆ ಮುಗಿಯಿತೋ, ಸೋಲು. ನಿಮ್ಮ ಬ್ಲೇಡು ಇನ್ನೂ ಜೋರಾಗಿ ತಿರುಗುತ್ತಿರಬಹುದು, ಬ್ಯಾಟರಿ ತುಂಬಿರಬಹುದು. ಒಂದು ಗಾಲಿ ಕಳಚಿ ಬಿದ್ದಿದ್ದರೆ ನೀವು ಇದ್ದಲ್ಲೇ ಬುಗುರಿ ಹಾಗೆ ಸುತ್ತುತ್ತಿರುತ್ತೀರಿ. ಮೊದಲ ಸಲ ಬರುವ ತಂಡಗಳು ಏಟು ತಿಂದು ಸೋಲುವುದಕ್ಕಿಂತ ಹೀಗೆ ತಮ್ಮಷ್ಟಕ್ಕೆ ತಾವೇ ಸೋಲುವುದು ಜಾಸ್ತಿ.

ಡ್ರಿಲ್ ಮೋಟರ್ ಈ ಆಟಕ್ಕೆ ಹೇಗೆ ಬಂತು ಅನ್ನುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1994ರಲ್ಲಿ ಮಾರ್ಕ್ ಥಾರ್ಪ್ ಅನ್ನುವವರು ಸ್ಯಾನ್‌ಫ್ರಾನ್ಸಿಸ್ಕೋದ ಫೋರ್ಟ್ ಮೇಸನ್‌ನಲ್ಲಿ ರೋಬೋಟ್ ವಾರ್ಸ್ ಅನ್ನುವ ಸ್ಪರ್ಧೆ ನಡೆಸಿದರು. 1998ರಲ್ಲಿ ಬಿಬಿಸಿ ಅದೇ ಹೆಸರಿನಲ್ಲಿ ಅದನ್ನು ಬ್ರಿಟನ್ನಿನ ಟಿವಿಗೆ ತಂದಿತು. ನೋಡಿದವರಿಗೆಲ್ಲ ತಾವೂ ಒಂದು ಕಟ್ಟಬೇಕು ಅನ್ನಿಸಿತು. ದೊಡ್ಡ ರೋಬೋಟುಗಳಿಗೆ ಅಲ್ಲಿನ ಜನ ಹಳೇ ವಿದ್ಯುತ್ ಗಾಲಿಕುರ್ಚಿಗಳ ಮೋಟರ್ ಬಿಚ್ಚಿ ಹಾಕಿದರು. ಚಿಕ್ಕದು, ಅಂದರೆ 13.6 ಕೆ.ಜಿ.ಯ ಫೆದರ್‌ವೇಟ್ ವರ್ಗಕ್ಕೆ ಅದು ತೀರಾ ಭಾರ. ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಅಗ್ಗದ ಬ್ಯಾಟರಿ ಡ್ರಿಲ್ ಸುರಿಯುತ್ತಿದ್ದವು. ಎರಡು ಡ್ರಿಲ್ ಕೊಂಡರೆ ಎರಡು ಮೋಟರ್, ಎರಡು ಗೇರ್‌ಬಾಕ್ಸ್, ಎರಡು ಬ್ಯಾಟರಿ, ಎರಡು ಚಾರ್ಜರ್, ಎಲ್ಲ ಒಂದೇ ಡಬ್ಬಿಯಲ್ಲಿ. ಬಿಡಿಬಿಡಿಯಾಗಿ ಕೊಂಡರೆ ಆ ದುಡ್ಡಿಗೆ ಗೇರ್‌ಬಾಕ್ಸ್ ಕೂಡ ಬರುವುದಿಲ್ಲ. ಶೆಡ್ಡಿನಲ್ಲಿ ಕೂತು ರೋಬೋಟ್ ಕಟ್ಟುವವರಿಗೆ ಇನ್ನೇನು ಬೇಕು?

ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಿಂದ ಹಿಡಿದು ನಮ್ಮ ಕಾಲೇಜು ಹಬ್ಬಗಳವರೆಗೆ ರೋಬೋವಾರ್ ನಡೆಯುತ್ತದೆ. 15 ಕೆ.ಜಿ. ವರ್ಗ ಹೊಸಬರಿಗೆ ಒಳ್ಳೆಯದು. ಹೆಚ್ಚಿನವರು ಶುರು ಮಾಡುವುದು 6 ಮಿ.ಮೀ. ಶಾಫ್ಟಿನ ಗೇರ್ ಮೋಟರ್, ಅದಕ್ಕೊಂದು ಪ್ಲಾಸ್ಟಿಕ್ ಗಾಲಿ, ಅದನ್ನು ಹಿಡಿದುಕೊಳ್ಳಲು ಒಂದು ಚಿಕ್ಕ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ), ಇವಿಷ್ಟರಿಂದ. ಗೆರೆ ಹಿಡಿದು ಓಡುವ ರೋಬೋಟಿಗೆ ಅದು ಸಾಕು. ಕಾದಾಟಕ್ಕೆ ಸಾಲದು. ಗ್ರಬ್ ಸ್ಕ್ರೂ ಜಾರುತ್ತದೆ, ಶಾಫ್ಟ್ ಬಗ್ಗುತ್ತದೆ. ಅದರ ಮುಂದಿನ ಮೆಟ್ಟಿಲು ಅಂದರೆ ಈ ಡ್ರಿಲ್.

ಈಗ ಇದರ ಒಳಗೆ ಏನಿದೆ ನೋಡಿ. ಹಿಂದೆ ಇರುವ ಈ ಡಬ್ಬಿ ಮೋಟರ್. ಸಾಮಾನ್ಯವಾಗಿ 550 ಸೈಜ್ ಅನ್ನುತ್ತಾರೆ, ಬ್ರಷ್ ಇರುವ ಡಿಸಿ ಮೋಟರ್. ನಿಮಿಷಕ್ಕೆ ಸುಮಾರು 20,000 ಸುತ್ತು. ಅದರ ಮುಂದೆ ಪ್ಲಾನೆಟರಿ ಗೇರ್. ನಡುವೆ ಒಂದು ಹಲ್ಲುಗಾಲಿ, ಸುತ್ತ ಮೂರು, ಅವನ್ನೆಲ್ಲ ಸುತ್ತುವರಿದ ಹೊರಗಿನ ರಿಂಗ್. ಒಂದು ಹಂತ ದಾಟಿದರೆ ವೇಗ ಸುಮಾರು ಆರನೇ ಒಂದಕ್ಕೆ ಇಳಿಯುತ್ತದೆ. ಎರಡು ಹಂತ ಆದರೆ 36ಕ್ಕೆ 1. ಹಾಗಾಗಿ ಹೊರಗೆ ಸಿಗುವುದು ಸುಮಾರು 550 ಸುತ್ತು. ಅದರ ಮುಂದೆ ಕ್ಲಚ್, ಅಂದರೆ ಬಲ ಮಿತಿ ಮೀರಿದಾಗ ಜಾರಿಬಿಡುವ ಭಾಗ. ಆಮೇಲೆ ಸ್ಪಿಂಡಲ್, ಅಂದರೆ ಹೊರಗೆ ತಿರುಗುವ ದಂಡ. ಅದರ ತುದಿಗೆ ಚಕ್, ಬಿಟ್ ಅನ್ನು, ಅಂದರೆ ಕೊರೆಯುವ ಕಡ್ಡಿಯನ್ನು, ದವಡೆಯಲ್ಲಿ ಕಚ್ಚಿ ಹಿಡಿಯುವ ಭಾಗ.

ಇದನ್ನು ಮಾಡಿದ ಇಂಜಿನಿಯರ್ ಯಾವ ಕೆಲಸಕ್ಕೆ ಮಾಡಿದ್ದು? ಗೋಡೆಗೋ ಹಲಗೆಗೋ ಬಿಟ್ ಒತ್ತಿ ಹಿಡಿಯುತ್ತೇವೆ. ಭಾರವೆಲ್ಲ ಸ್ಪಿಂಡಲಿನ ನೇರಕ್ಕೆ, ಹಿಂದಕ್ಕೆ ಬರುತ್ತದೆ. ತಿರುಗುವುದು ಮುಕ್ಕಾಲು ಪಾಲು ಒಂದೇ ದಿಕ್ಕಿಗೆ. ರಿವರ್ಸ್ ಬೇಕಾಗುವುದು ಸ್ಕ್ರೂ ಬಿಚ್ಚುವಾಗ ಮಾತ್ರ.

ನಾವು ಅದರ ಹತ್ತಿರ ಕೇಳುತ್ತಿರುವುದು ಏನು? ಒಂದು, ಕ್ಷಣಕ್ಷಣಕ್ಕೂ ಹಿಂದೆ ಮುಂದೆ ತಿರುಗು. ಎರಡು, ಇಡೀ ರೋಬೋಟಿನ ತೂಕವನ್ನು ಸ್ಪಿಂಡಲಿನ ಪಕ್ಕದಿಂದ ಹೊರು. ಈ ಎರಡೂ ಅದಕ್ಕೆ ಗೊತ್ತಿಲ್ಲದ ಕೆಲಸ. ಇವತ್ತು ನಾನು ಹೇಳುವ ಉಪಾಯಗಳೆಲ್ಲ ಈ ಎರಡರಲ್ಲಿ ಒಂದಕ್ಕೆ ಉತ್ತರ. ಇದನ್ನು ತಲೆಯಲ್ಲಿಟ್ಟುಕೊಂಡರೆ ನಾನು ಹೇಳದೇ ಬಿಟ್ಟದ್ದನ್ನೂ ನೀವೇ ಹುಡುಕಿಕೊಳ್ಳಬಹುದು.

ಮೊದಲು ಚಕ್ ತೆಗೆಯೋಣ. ಡ್ರಿಲ್‌ನ ಮೈ ಬಿಚ್ಚುವ ಮೊದಲೇ ಇದನ್ನು ಮಾಡಿ. ಹಿಡಿಕೆ ಇದ್ದರೆ ಕೈಗೆ ಹಿಡಿತ ಸಿಗುತ್ತದೆ. ಬಿಚ್ಚಿ ಹರಡಿದ ಮೇಲೆ ಆ ಉಂಡೆಯಂತಹ ಗೇರ್‌ಬಾಕ್ಸನ್ನು ಎಲ್ಲಿ ಅಂತ ಹಿಡಿಯುತ್ತೀರಿ? ಚಕ್‌ನ ದವಡೆ ಪೂರ್ತಿ ತೆರೆದು ಒಳಗೆ ಟಾರ್ಚ್ ಬಿಡಿ. ತಳದಲ್ಲಿ ಒಂದು ಸ್ಕ್ರೂ ತಲೆ ಕಾಣುತ್ತದೆ. ಅದು ಲೆಫ್ಟ್ ಥ್ರೆಡ್, ಎಳೆ ಉಲ್ಟಾ ಸುತ್ತಿದ್ದು. ಅಂದರೆ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದವರು ಮಾಮೂಲಿನಂತೆ ತಿರುಗಿಸುತ್ತಾರೆ, ಬರಲಿಲ್ಲ ಅಂತ ಇನ್ನೂ ಜೋರು ಹಾಕುತ್ತಾರೆ, ಕೊನೆಗೆ ಸ್ಕ್ರೂ ತಲೆ ಸವೆದು ಹೋಗುತ್ತದೆ. ಆ ಸ್ಕ್ರೂ ನಮಗೆ ಮುಂದೆ ಬೇಕು. ಜೋಪಾನ.

ಸ್ಕ್ರೂ ಬಂದ ಮೇಲೆ ದಪ್ಪ ಅಲೆನ್ ಕೀ, ಅಂದರೆ ಎಲ್ ಆಕಾರದ ಆರು ಮೂಲೆಯ ಕೀಲಿ, ಒಂದನ್ನು ತಗೊಳ್ಳಿ. 8 ಅಥವಾ 10 ಮಿ.ಮೀ. ಅದರ ಗಿಡ್ಡ ಕಾಲನ್ನು ಚಕ್‌ನಲ್ಲಿ ಬಿಗಿ ಮಾಡಿ, ಉದ್ದ ಕಾಲು ಪಕ್ಕಕ್ಕೆ ಚಾಚಿರಲಿ. ಎರಡು ಸ್ಪೀಡಿನ ಡ್ರಿಲ್ ಆದರೆ ಕಡಿಮೆ ಸ್ಪೀಡಿಗೆ ಹಾಕಿ. ಕ್ಲಚ್ ಉಂಗುರವನ್ನು ಡ್ರಿಲ್ ಚಿತ್ರದ ಗುರುತಿಗೆ ತಿರುಗಿಸಿ. ಈಗ ಎದುರಿನಿಂದ ನೋಡಿದಾಗ ಗಡಿಯಾರದ ಉಲ್ಟಾ ದಿಕ್ಕಿಗೆ, ಉದ್ದ ಕಾಲಿನ ತುದಿಗೆ ಸುತ್ತಿಗೆಯಲ್ಲಿ ಟಪ್ ಅಂತ ಒಂದು ಚುರುಕಾದ ಏಟು. ಮೆಲ್ಲಗೆ ತಳ್ಳಿದರೆ ಗೇರೆಲ್ಲ ತಿರುಗುತ್ತವೆ, ಚಕ್ ಬರುವುದಿಲ್ಲ. ಏಟು ಚುರುಕಾಗಿದ್ದರೆ ಗೇರಿಗೆ ಅಲ್ಲಾಡಲು ಸಮಯವೇ ಸಿಗುವುದಿಲ್ಲ, ಚಕ್ ಸಡಿಲವಾಗುತ್ತದೆ. ಆಮೇಲೆ ಕೈಯಲ್ಲೇ ಬಿಚ್ಚಿಕೊಳ್ಳಬಹುದು.

ಕೆಲವರು ಚಕ್ ತೆಗೆಯುವುದೇ ಇಲ್ಲ. ಗಾಲಿಗೆ ಒಂದು ಬೋಲ್ಟ್ ಹಾಕಿ, ಆ ಬೋಲ್ಟನ್ನು ಚಕ್‌ನಲ್ಲಿ ಕಚ್ಚಿಸಿ ಓಡಿಸುತ್ತಾರೆ. ಬೇಡ. ಚಕ್‌ನ ತೂಕ ದಂಡ, ಗಾಲಿ ಗೇರ್‌ಬಾಕ್ಸಿನಿಂದ ಮಾರುದೂರ ಹೋಗುತ್ತದೆ, ಏಟು ಬಿದ್ದಾಗ ದವಡೆ ಸಡಿಲವಾಗುತ್ತದೆ. ಮೊದಲ ದಿನ ಕಾರಿಡಾರಿನಲ್ಲಿ ಓಡಿಸಿ ನೋಡಲು ಸರಿ, ಅಷ್ಟೇ.

ಈಗ ಬರಿಯ ಸ್ಪಿಂಡಲ್ ಉಳಿಯಿತು. ಹೊರಗೆ ಥ್ರೆಡ್, ಒಳಗೆ ಆ ಲೆಫ್ಟ್ ಸ್ಕ್ರೂಗೆ ಒಂದು ತೂತು. ಹೊರಗಿನ ಥ್ರೆಡ್ ಯಾವುದು ಅನ್ನುವುದರಲ್ಲೇ ಬಹಳ ಜನ ಮುಗ್ಗರಿಸುತ್ತಾರೆ. ಇದು ಮಿಲಿಮೀಟರ್ ಲೆಕ್ಕದ್ದಲ್ಲ. 10 ಮಿ.ಮೀ. ಚಕ್ ಇರುವ ಡ್ರಿಲ್ಲುಗಳಲ್ಲಿ ಸಾಮಾನ್ಯವಾಗಿ 3/8 ಇಂಚು, ಇಂಚಿಗೆ 24 ಎಳೆ. 13 ಮಿ.ಮೀ. ಚಕ್ ಇದ್ದರೆ ಅರ್ಧ ಇಂಚು, ಇಂಚಿಗೆ 20 ಎಳೆ. ಎರಡೂ ಯುಎನ್‌ಎಫ್, ಅಂದರೆ ಇಂಚು ಲೆಕ್ಕದ ಸಣ್ಣ ಎಳೆಯ ಥ್ರೆಡ್. 3/8 ಇಂಚು ಅಂದರೆ 9.5 ಮಿ.ಮೀ. ಚಿಲ್ಲರೆ. ಹಾಗಾಗಿ ಎಂ10, ಅಂದರೆ 10 ಮಿ.ಮೀ. ನಟ್ಟು ತಂದು ತುದಿಗೆ ಇಟ್ಟರೆ ಸಲೀಸಾಗಿ ಒಳಗೆ ಹೋದಂತೆ ಕಾಣುತ್ತದೆ. ಲೊಡಲೊಡ ಅನ್ನುತ್ತದೆ, ಆಮೇಲೆ ಎಲ್ಲೋ ಒಂದು ಕಡೆ ಕಚ್ಚಿಕೊಂಡು ನಿಲ್ಲುತ್ತದೆ. ‘ಕೂತಿತು’ ಅಂತ ಸ್ಪ್ಯಾನರ್ ಹಾಕಿದರೆ ಸ್ಪಿಂಡಲಿನ ಎಳೆ ಹಾಳು.

ಸರಿಯಾದ ನಟ್ಟು ಎಲ್ಲಿ ಸಿಗುತ್ತದೆ? ಹಳೇ ಜೀಪು, ಅಂಬಾಸಿಡರ್ ಕಾರುಗಳ ಬೋಲ್ಟುಗಳಲ್ಲಿ ಯುಎನ್‌ಎಫ್ ಧಾರಾಳವಾಗಿ ಇತ್ತು. ಬೆಂಗಳೂರಿನ ಜೆ.ಸಿ. ರೋಡಿನಂತಹ ಜಾಗದಲ್ಲಿ, ಹಳೇ ಗಾಡಿ ಸಾಮಾನು ಇಡುವ ಅಂಗಡಿಯಲ್ಲಿ, ‘ಯುಎನ್‌ಎಫ್ ತ್ರೀ ಬೈ ಎಯ್ಟ್’ ಅಂತ ಕೇಳಿ ನೋಡಿ. ತೂತಿನೊಳಗೆ ಎಳೆ ಕೊರೆಯುವ ಟ್ಯಾಪ್ ಬೇಕಾದರೆ ಎಸ್.ಪಿ. ರೋಡಿನ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹೋಗುವಾಗ ಸ್ಪಿಂಡಲನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಬಾಯಲ್ಲಿ ಅಳತೆ ಹೇಳಿ ತಂದರೆ ಇನ್ನೊಂದು ಸಲ ಬಸ್ ಹತ್ತಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಂದೆ. ಗಾಲಿಯನ್ನು ಈ ಥ್ರೆಡ್ಡಿಗೆ ತಿರುಗಿಸಿ ಕೂರಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಎರಡೂ ಕಡೆ ಒಂದೇ ಥರ. ರೋಬೋಟ್ ಮುಂದಕ್ಕೆ ಓಡಿಸಿ. ಯಾವ ಗಾಲಿ ಕಳಚುತ್ತದೆ?

(ಇಲ್ಲಿ ಸಭೆಯಲ್ಲಿ ಕೆಲವರು ಎಡ ಅಂದರು, ಕೆಲವರು ಬಲ ಅಂದರು. ಒಬ್ಬರು ಎರಡೂ ಅಂದರು.)

ಬಲ. ಹೇಗೆ ಅಂತ ನೋಡಿ. ರೋಬೋಟಿನ ಎಡಪಕ್ಕದಲ್ಲಿ ಕೂತು ಎಡ ಗಾಲಿಯನ್ನು ನೋಡಿದರೆ, ಮುಂದೆ ಹೋಗುವಾಗ ಅದು ಗಡಿಯಾರದ ಉಲ್ಟಾ ತಿರುಗುತ್ತದೆ. ಡ್ರಿಲ್‌ನಲ್ಲಿ ತೂತು ಕೊರೆಯುವಾಗ, ಎದುರಿನಿಂದ ನೋಡಿದರೆ, ಸ್ಪಿಂಡಲ್ ತಿರುಗುವುದೂ ಹೀಗೇ. ಚಕ್ ಬಿಗಿಯಾಗಲಿ ಅಂತಲೇ ಥ್ರೆಡ್ಡನ್ನು ಆ ದಿಕ್ಕಿಗೆ ಇಟ್ಟಿರುತ್ತಾರೆ. ಹಾಗಾಗಿ ಎಡ ಗಾಲಿ ಓಡಿದಷ್ಟೂ ಬಿಗಿಯಾಗುತ್ತದೆ. ಬಲಪಕ್ಕಕ್ಕೆ ಬನ್ನಿ. ಅಲ್ಲಿಂದ ನೋಡಿದರೆ ಅದೇ ಮುಂದಿನ ಓಟ ಗಡಿಯಾರದ ದಿಕ್ಕಿಗೆ. ಡ್ರಿಲ್ಲಿಗೆ ಇದು ರಿವರ್ಸ್. ಗಾಲಿಗೆ ಇದು ಬಿಚ್ಚಿಕೊಳ್ಳುವ ದಿಕ್ಕು. ಹಿಂದಕ್ಕೆ ಓಡಿಸಿದಾಗ ಎಡದ್ದು ಬಿಚ್ಚಿಕೊಳ್ಳಲು ನೋಡುತ್ತದೆ. ಎರಡೂ ಅಂದವರಿಗೂ ಅರ್ಧ ಮಾರ್ಕು ಕೊಡಬೇಕು. ಆದರೆ ಕಾದಾಟದ ರಿಂಗಿನಲ್ಲಿ ಜೋರಾಗಿ ನುಗ್ಗುವುದು ಮುಂದಕ್ಕೆ, ಗುದ್ದುವುದೂ ಮುಂದಕ್ಕೆ. ಹಾಗಾಗಿ ಮೊದಲು ಹೋಗುವುದು ಬಲದ್ದೇ.

ಇದಕ್ಕೆ ಉತ್ತರ ಡ್ರಿಲ್ ಮಾಡಿದವರೇ ಕೊಟ್ಟಿದ್ದಾರೆ, ಆ ಲೆಫ್ಟ್ ಸ್ಕ್ರೂ ರೂಪದಲ್ಲಿ. ಚಕ್ ಬಿಚ್ಚಿಕೊಳ್ಳಲು ಹೊರಟರೆ ತನ್ನ ಜೊತೆ ಸ್ಕ್ರೂ ತಲೆಯನ್ನೂ ಎಳೆಯುತ್ತದೆ. ಸ್ಕ್ರೂ ಉಲ್ಟಾ ಥ್ರೆಡ್ಡಿನದು, ಆ ಎಳೆತಕ್ಕೆ ಅದು ಇನ್ನೂ ಬಿಗಿಯಾಗುತ್ತದೆ. ಎರಡು ಥ್ರೆಡ್ ಒಂದಕ್ಕೊಂದು ಕಾವಲು. ನಿಮ್ಮ ಮನೆಯ ಟೇಬಲ್ ಫ್ಯಾನ್ ರೆಕ್ಕೆ ಹಿಡಿದಿರುವ ಮುಂದಿನ ಕ್ಯಾಪ್ ಕೂಡ ಉಲ್ಟಾ ಥ್ರೆಡ್ಡೇ. ಫ್ಯಾನ್ ತೊಳೆಯಲು ಬಿಚ್ಚಿದವರಿಗೆ ಗೊತ್ತಿರುತ್ತದೆ, ಅಲ್ವಾ? ಅಲ್ಲಿ ಒಂದೇ ದಿಕ್ಕು, ಒಂದೇ ಥ್ರೆಡ್ಡಿನಲ್ಲಿ ಮುಗಿಯಿತು. ನಮ್ಮದಕ್ಕೆ ಎರಡು ದಿಕ್ಕು, ಹಾಗಾಗಿ ಎರಡು ಬೇಕು.

ಅಂದಮೇಲೆ ನಾವು ಮಾಡಬೇಕಾದ ಹಬ್, ಅಂದರೆ ಗಾಲಿಯನ್ನು ಸ್ಪಿಂಡಲಿಗೆ ಸೇರಿಸುವ ನಡುವಿನ ತುಂಡು, ಹೇಗಿರಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. ಹಿಂದಿನಿಂದ ಸ್ಪಿಂಡಲಿನ ಥ್ರೆಡ್, ಮುಂದಿನಿಂದ ಲೆಫ್ಟ್ ಸ್ಕ್ರೂ ತಲೆಗೆ ಕೂರಲು ಜಾಗ. 40 ಮಿ.ಮೀ. ಅಲ್ಯೂಮಿನಿಯಂ ರಾಡಿನ ಒಂದು ತುಂಡು ಲೇತಿಗೆ, ಅಂದರೆ ಲೋಹ ಕಡೆಯುವ ಯಂತ್ರಕ್ಕೆ, ಹಾಕಿ. ನಡುವೆ ಸ್ಕ್ರೂ ಸಡಿಲವಾಗಿ ದಾಟುವಷ್ಟು ತೂತು, ಆರಪಾರ. ಸ್ಕ್ರೂ ಎಂ5 ಆದರೆ 5.5, ಎಂ6 ಆದರೆ 6.5 ಮಿ.ಮೀ. ಆಮೇಲೆ ಹಿಂದಿನಿಂದ 3/8 ಥ್ರೆಡ್ಡಿಗೆ 8.5 ಮಿ.ಮೀ. ಬಿಟ್, ಅರ್ಧ ಇಂಚಿಗಾದರೆ 11.5. ಸ್ಪಿಂಡಲಿನ ಥ್ರೆಡ್ ಎಷ್ಟು ಉದ್ದ ಇದೆಯೋ ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಆಳ. ಟ್ಯಾಪನ್ನು ಕೈಯಲ್ಲಿ ಸೊಟ್ಟ ಹಾಕಬೇಡಿ, ಲೇತಿನ ಎದುರು ತುದಿಯಲ್ಲಿರುವ ಟೇಲ್‌ಸ್ಟಾಕಿನ ಆಸರೆಯಲ್ಲೇ ಹಾಕಿ. ಟ್ಯಾಪ್ ಒಂದು ಡಿಗ್ರಿ ವಾಲಿದರೂ ಗಾಲಿ ಓಲಾಡುತ್ತದೆ.

ಕೂರಿಸುವಾಗ ಇನ್ನೊಂದು ಗಮನಿಸಿ. ಹಬ್‌ನ ಹಿಂಭಾಗ ಸ್ಪಿಂಡಲಿನ ದಪ್ಪ ಭಾಗಕ್ಕೆ, ಅಂದರೆ ಆ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಥ್ರೆಡ್ಡಿನ ಮೇಲೆಯೇ ತೇಲುತ್ತಿದ್ದರೆ ಪ್ರತಿ ಏಟೂ ಎಳೆಗಳ ಮೇಲೆ ಬೀಳುತ್ತದೆ. ಮೆಟ್ಟಿಲಿಗೆ ತಾಗಿ ಬಿಗಿಯಾಗಿ ಕೂತರೆ ಏಟು ದಪ್ಪ ಭಾಗಕ್ಕೆ ಹೋಗುತ್ತದೆ. ಎರಡೂ ಥ್ರೆಡ್ಡಿಗೆ ಒಂದೊಂದು ಹನಿ ಲಾಕ್‌ಟೈಟ್, ಅಂದರೆ ಎಳೆ ಸಡಿಲವಾಗದಂತೆ ಹಿಡಿಯುವ ಅಂಟು. ಹಾಕುವ ಮೊದಲು ಗ್ರೀಸ್ ಪೂರ್ತಿ ಒರೆಸಿ. ಗ್ರೀಸ್ ಮೇಲೆ ಲಾಕ್‌ಟೈಟ್ ಹಾಕಿದರೆ ಅದು ಸುಮ್ನೆ ಶಾಸ್ತ್ರಕ್ಕೆ.

ಹಬ್‌ಗೆ ಗಾಲಿ ಸೇರಿಸುವುದು ಸುಲಭದ ಭಾಗ. ಹಬ್‌ಗೆ ಒಂದು ಅಂಚು ಬಿಟ್ಟು ತಿರುಗಿಸಿ, ಗಾಲಿಯ ಮೂಲಕ ನಾಲ್ಕು ಬೋಲ್ಟ್ ಹಾಕಿ. ಟ್ರಾಲಿ ಗಾಲಿ ತಂದರೆ ಒಳಗಿನ ಬೇರಿಂಗ್ ತಟ್ಟಿ ತೆಗೆದು ಆ ಜಾಗಕ್ಕೆ ಹಬ್ ಕೂರುವಂತೆ ಅಳತೆ ಮಾಡಿಕೊಳ್ಳಿ. ಬೇರಿಂಗ್ ತೆಗೆಯಲೇ ಬೇಕು. ಇಲ್ಲದಿದ್ದರೆ ಹಬ್ ತಿರುಗುತ್ತದೆ, ಗಾಲಿ ನಿಂತೇ ಇರುತ್ತದೆ. ಬೇರಿಂಗ್ ಇರುವುದೇ ಅದಕ್ಕೆ.

ರಬ್ಬರ್ ಮಾತ್ರ ನೋಡಿ ತಗೊಳ್ಳಿ. ಫ್ಯಾಕ್ಟರಿ ಟ್ರಾಲಿಗಳ ಬಿಳಿ ನೈಲಾನ್ ಗಾಲಿ ನೋಡಲು ಗಟ್ಟಿಮುಟ್ಟು, ಆದರೆ ಕಬ್ಬಿಣದ ಶೀಟಿನ ಮೇಲೆ ಐಸ್ ಮೇಲೆ ಹೋದಂತೆ ಜಾರುತ್ತದೆ. ಉಗುರು ಒತ್ತಿದರೆ ಸ್ವಲ್ಪ ತಗ್ಗುವಷ್ಟು ಮೆತ್ತಗಿರಬೇಕು. ಅಮೆರಿಕದವರು ಕೋಲ್ಸನ್ ಅನ್ನುವ ಗಾಲಿಯನ್ನು ಬಹಳ ಇಷ್ಟಪಡುವುದು ಇದಕ್ಕೇ. ರಬ್ಬರಿನ ಗಡಸು ಅಳೆಯುವ ಶೋರ್ ಎ ಲೆಕ್ಕದಲ್ಲಿ ಅದರ ರಬ್ಬರ್ ಸುಮಾರು 65. ಹಿಡಿತವೂ ಇದೆ, ಬೇಗ ಹರಿಯುವುದೂ ಇಲ್ಲ. ಗಾಳಿ ತುಂಬಿದ ಟೈರು ಬೇಡವೇ ಬೇಡ. ಎದುರಾಳಿಯ ಬ್ಲೇಡಿಗೆ ಅದು ಹಬ್ಬ.

ಗಾಲಿ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಒಂದು ಚಿಕ್ಕ ಲೆಕ್ಕ. 100 ಮಿ.ಮೀ. ಗಾಲಿಯ ಸುತ್ತಳತೆ 314 ಮಿ.ಮೀ. ನಿಮಿಷಕ್ಕೆ 550 ಸುತ್ತು ಅಂದರೆ ಸುಮಾರು 173 ಮೀಟರ್, ಗಂಟೆಗೆ 10 ಕಿ.ಮೀ. ಚಿಲ್ಲರೆ. ಆರು ಮೀಟರ್ ರಿಂಗನ್ನು ಎರಡು ಸೆಕೆಂಡಿಗೆ ದಾಟಬಹುದು. ಹೊಸ ಡ್ರೈವರಿಗೆ ಇದು ಜಾಸ್ತಿಯೇ. ಇನ್ನು ಬಲ. ರೋಬೋಟ್ 15 ಕೆ.ಜಿ., ಎರಡೇ ಗಾಲಿ, ಒಂದೊಂದರ ಮೇಲೆ ಏಳೂವರೆ ಕೆ.ಜಿ. ರಬ್ಬರಿನ ಹಿಡಿತ, ಅಂದರೆ ಘರ್ಷಣೆಯ ಗುಣಾಂಕ, 0.8 ಅಂದುಕೊಂಡರೆ ಗಾಲಿ ಜಾರುವ ಮೊದಲು ಮೋಟರ್ ಕೊಡಬೇಕಾದ್ದು ಸುಮಾರು 3 ನ್ಯೂಟನ್ ಮೀಟರ್ ತಿರುಗಿಸುವ ಬಲ. ಡ್ರಿಲ್‌ನ ಡಬ್ಬಿಯ ಮೇಲೆ 20, 30 ಅಂತ ಬರೆದಿರುತ್ತದೆ. ಅಂದರೆ ಗೋಡೆಗೆ ಒತ್ತಿಕೊಂಡು ನಿಂತರೂ ಗಾಲಿ ಜಾರುತ್ತದೆ, ಮೋಟರ್ ಸಿಕ್ಕಿಕೊಂಡು ಸುಡುವುದಿಲ್ಲ. ಜಾರುವುದು ಇಲ್ಲಿ ಒಳ್ಳೆಯದೇ. ಅದೇ ಖುಷಿಯಲ್ಲಿ 200 ಮಿ.ಮೀ. ಗಾಲಿ ಹಾಕಿದರೆ ಈ ಲೆಕ್ಕ ಎರಡು ಪಟ್ಟು ಆಗುತ್ತದೆ, ಸ್ಪಿಂಡಲಿನ ಮೇಲಿನ ಭಾರವೂ ಬೇರೆ.

ಆ ಭಾರವೇ ಎರಡನೇ ಕಷ್ಟ. ಪಕ್ಕದ ಹೊರೆ. ಸ್ಪಿಂಡಲನ್ನು ಮುಂದೆ ಹಿಡಿದಿರುವುದು ಒಂದು ಬುಷ್ (ದಂಡ ಒಳಗೆ ತಿರುಗಲು ಹಾಕಿದ ಲೋಹದ ಬಳೆ) ಅಥವಾ ಒಂದು ಬೇರಿಂಗ್. ಗಾಲಿಯ ನಡುಭಾಗ ಅದರಿಂದ 40 ಮಿ.ಮೀ. ದೂರ ಇದೆ ಅನ್ನಿ. ಸುಮ್ಮನೆ ನಿಂತಾಗ ಏನೂ ಆಗುವುದಿಲ್ಲ. ಆದರೆ ಫ್ಲಿಪ್ಪರ್ ಇರುವವರು ನಿಮ್ಮನ್ನು ಅರ್ಧ ಮೀಟರ್ ಮೇಲಕ್ಕೆ ಎಸೆದರು, ನೀವು ಒಂದೇ ಗಾಲಿಯ ಮೇಲೆ ಬಿದ್ದಿರಿ, ರಬ್ಬರು ಒಂದು ಸೆಂಟಿಮೀಟರ್ ತಗ್ಗಿ ನಿಲ್ಲಿಸಿತು. ಐವತ್ತು ಸೆಂಟಿಮೀಟರಿನಲ್ಲಿ ಗಳಿಸಿದ್ದನ್ನು ಒಂದು ಸೆಂಟಿಮೀಟರಿನಲ್ಲಿ ಕಳೆಯಬೇಕು. ಸರಾಸರಿ ಬಲ ರೋಬೋಟಿನ ತೂಕದ ಸುಮಾರು 50 ಪಟ್ಟು. 15 ಕೆ.ಜಿ. ರೋಬೋಟಿಗೆ ಅದು ಮುಕ್ಕಾಲು ಟನ್ ಹತ್ತಿರ. ಬೆರಳಿನಷ್ಟು ದಪ್ಪದ, ನಡುವೆ ಬೇರೆ ತೂತು ಇರುವ ಸ್ಪಿಂಡಲ್ ಅದು. ಬಗ್ಗದೆ ಇನ್ನೇನು ಮಾಡುತ್ತದೆ?

ಮೂರು ದಾರಿ ಇದೆ. ಮೊದಲನೆಯದು ಬಿಟ್ಟಿ: ಗಾಲಿಯನ್ನು ಗೇರ್‌ಬಾಕ್ಸಿಗೆ ಆದಷ್ಟು ಹತ್ತಿರ ಎಳೆದುಕೊಳ್ಳಿ. ಹಬ್ ಗಾಲಿಯ ಒಳಗೇ ಹುದುಗಿರಲಿ. 40 ಇದ್ದದ್ದು 20 ಆದರೆ ಬಗ್ಗಿಸುವ ಬಲ ಅರ್ಧ. ಎರಡನೆಯದು ರಬ್ಬರು: ಎರಡು ಸೆಂಟಿಮೀಟರ್ ತಗ್ಗುವ ಫೋಮ್ ಗಾಲಿಯಾದರೆ ಏಟೂ ಅರ್ಧಕ್ಕೆ ಇಳಿಯಿತು. ಮೂರನೆಯದು ಹೊರಗಿನ ಆಸರೆ. ಗಾಲಿಯ ಹೊರಗೂ ಚಾಸಿಯ, ಅಂದರೆ ರೋಬೋಟಿನ ಚೌಕಟ್ಟಿನ, ಒಂದು ಪಟ್ಟಿ ಬರಲಿ, ಹಬ್‌ನಿಂದ ಒಂದು ತುಂಡು ಶಾಫ್ಟ್ ಆಚೆ ಚಾಚಿ ಆ ಪಟ್ಟಿಯ ಬೇರಿಂಗಿನಲ್ಲಿ ಕೂರಲಿ. ಸ್ಕೇಟಿಂಗ್ ಗಾಲಿಯ 608 ಬೇರಿಂಗ್ ಸಾಕು. 8 ಮಿ.ಮೀ. ಒಳಗೆ, 22 ಹೊರಗೆ, ಎಲ್ಲಿ ಬೇಕಾದರೂ ಸಿಗುತ್ತದೆ. ಈಗ ಗಾಲಿ ಎರಡು ಕಡೆಯಿಂದ ಹಿಡಿದಿದೆ. ಜೊತೆಗೆ ಬ್ಲೇಡಿನ ಏಟು ಮೊದಲು ಆ ಪಟ್ಟಿಗೆ ಬೀಳುತ್ತದೆ.

ಇಲ್ಲೊಂದು ತೊಡಕಿದೆ. ಇದನ್ನು ಹೇಳುವವರು ಕಡಿಮೆ. ಮೋಟರ್ ಕಡೆ ಗೇರ್‌ಬಾಕ್ಸನ್ನು ಚಾಸಿಗೆ ಬಿಗಿಯಾಗಿ ಹಿಡಿದಿದ್ದೀರಿ, ಹೊರಗೆ ಬೇರಿಂಗ್ ಕೂಡ ಬಿಗಿ. ಎರಡರ ನೇರ ಅರ್ಧ ಮಿಲಿಮೀಟರ್ ತಪ್ಪಿದರೂ ಪ್ರತಿ ಸುತ್ತಿಗೂ ಸ್ಪಿಂಡಲ್ ಬಗ್ಗುತ್ತಾ ಏಳುತ್ತಾ ಇರುತ್ತದೆ. ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ, ಸಲೀಸಾಗಿ ತಿರುಗುವುದಿಲ್ಲ. ಮೋಟರ್ ಬಿಸಿಯಾಗುತ್ತದೆ, ಬುಷ್ ಸವೆಯುತ್ತದೆ. ಹಾಗಾಗಿ ಹೊರಗೆ ಆಸರೆ ಕೊಟ್ಟಾಗ ಗೇರ್‌ಬಾಕ್ಸಿನ ಹಿಡಿತವನ್ನು ಸ್ವಲ್ಪ ಮೆತ್ತಗೆ ಮಾಡಿ. ಸುತ್ತ ಒಂದು ಪದರ ಸೈಕಲ್ ಟ್ಯೂಬ್ ಸುತ್ತಿ ಹಿಡಿದರೆ ಸಾಕು. ಅದು ತಿರುಗಬಾರದು, ಆದರೆ ತನ್ನ ನೇರ ತಾನು ಹುಡುಕಿಕೊಳ್ಳಲು ಜಾಗ ಇರಬೇಕು.

ಗೇರ್‌ಬಾಕ್ಸನ್ನು ಹಿಡಿಯುವುದೇ ಒಂದು ಕೆಲಸ. ಡ್ರಿಲ್‌ನ ಪ್ಲಾಸ್ಟಿಕ್ ಮೈ ಅದಕ್ಕೆ ಮನೆಯಾಗಿತ್ತು, ನಾವು ಮನೆ ಕಿತ್ತುಹಾಕಿದೆವು. ಬ್ರಿಟನ್ನಿನವರು ಇದಕ್ಕೆ ಅಡುಗೆಮನೆಯ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಬಳಸುತ್ತಾರೆ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಅದು. ಎರಡು ಮೂರು ಪದರ ಸೇರಿಸಿ, ಗೇರ್‌ಬಾಕ್ಸಿನ ಅಳತೆಗೆ ದುಂಡು ತೂತು ಕೊರೆದು, ಒಂದು ಕಡೆ ಸೀಳಿ, ಬೋಲ್ಟ್ ಹಾಕಿ ಅಮುಕುತ್ತಾರೆ. ಏಟಿಗೆ ಒಡೆಯುವುದಿಲ್ಲ, ಬಗ್ಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂಗಿಂತ ನನಗೆ ಇದೇ ಇಷ್ಟ.

ಕ್ಲಚ್ ಬಗ್ಗೆ ಹೇಳದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಗೇರ್‌ಬಾಕ್ಸಿನ ಹೊರಗಿನ ರಿಂಗ್ ತಿರುಗದೆ ನಿಂತರೆ ಮಾತ್ರ ಸ್ಪಿಂಡಲ್ ತಿರುಗುತ್ತದೆ. ಆ ರಿಂಗನ್ನು ನಿಲ್ಲಿಸಿರುವುದು ಕೆಲವು ಉಕ್ಕಿನ ಗುಂಡುಗಳು, ಅವುಗಳ ಹಿಂದೆ ಸ್ಪ್ರಿಂಗ್, ಸ್ಪ್ರಿಂಗನ್ನು ಅಮುಕುವುದು ಹೊರಗಿನ ಪ್ಲಾಸ್ಟಿಕ್ ಉಂಗುರ. ಉಂಗುರ ತೆಗೆದ ಕೂಡಲೇ ರಿಂಗ್ ಬಿಡುಬೀಸು. ಮೋಟರ್ ಕಿರುಚುತ್ತದೆ, ಗಾಲಿ ಅಲ್ಲಾಡುವುದಿಲ್ಲ. ಗುಂಡುಗಳಿರುವ ತೂತುಗಳಿಗೆ ಸ್ಪ್ರಿಂಗ್ ಬದಲು ಸರಿಯಾದ ಉದ್ದದ ಉಕ್ಕಿನ ತುಂಡು ಹಾಕಿ ಮೇಲೊಂದು ತಟ್ಟೆಯಿಂದ ಮುಚ್ಚಬಹುದು. ಅಥವಾ ತೂತಿಗೇ ಟ್ಯಾಪ್ ಹಾಕಿ ಗ್ರಬ್ ಸ್ಕ್ರೂ ಇಳಿಸಬಹುದು. ಎಲ್ಲ ಸ್ಕ್ರೂಗಳೂ ಒಂದೇ ಸಮ ಇಳಿಯಲಿ. ಒಂದನ್ನು ಜಾಸ್ತಿ ಒತ್ತಿದರೆ ರಿಂಗ್ ವಾಲಿ ಗೇರ್ ಕಚ್ಚಿಕೊಳ್ಳುತ್ತದೆ. ಎರಡು ಸ್ಪೀಡಿನ ಡ್ರಿಲ್ ಆದರೆ ಸ್ಪೀಡ್ ಬದಲಿಸುವ ತಂತಿಯನ್ನೂ ಒಂದು ಕಡೆ ಭದ್ರ ಮಾಡಿ, ಇಲ್ಲದಿದ್ದರೆ ಏಟು ಬಿದ್ದಾಗ ತಾನಾಗಿ ಗೇರ್ ಬದಲಾಗುತ್ತದೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತೇನೆ.

‘ಸರ್, ಇಷ್ಟೆಲ್ಲ ಯಾಕೆ, ಗಾಲಿಯನ್ನು ಸ್ಪಿಂಡಲಿಗೆ ವೆಲ್ಡ್ ಮಾಡಿಬಿಟ್ಟರೆ ಆಗಲ್ವಾ?’ ಅಂತ ಒಬ್ಬ ಹುಡುಗ ಕೇಳಿದ. ಆಗುತ್ತದಪ್ಪಾ, ಒಂದು ಸಲ ಆಗುತ್ತದೆ. ಬಿಸಿ ಸ್ಪಿಂಡಲಿನ ಮೂಲಕ ಒಳಗೆ ಹೋಗುತ್ತದೆ, ಗ್ರೀಸ್ ಕರಗುತ್ತದೆ, ಅಗ್ಗದ ಡ್ರಿಲ್ಲುಗಳಲ್ಲಿ ಒಳಗೆ ಪ್ಲಾಸ್ಟಿಕ್ ಗೇರೂ ಇರುತ್ತವೆ. ಸ್ಪಿಂಡಲ್ ಗಡಸು ಉಕ್ಕು, ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡಬಹುದು. ಆಮೇಲೆ ಗಾಲಿ ಹರಿದರೆ ಗೇರ್‌ಬಾಕ್ಸೂ ಬಿಸಾಕಬೇಕು. ಲೇತ್ ಸಿಗದಿದ್ದರೆ ಹೀಗೆ ಮಾಡು: 3/8 ಯುಎನ್‌ಎಫ್ ನಟ್ಟನ್ನು ಒಂದು ದಪ್ಪ ಕಬ್ಬಿಣದ ತಟ್ಟೆಗೆ ವೆಲ್ಡ್ ಮಾಡಿಸು. ತಟ್ಟೆಯ ನಡುವೆ ಲೆಫ್ಟ್ ಸ್ಕ್ರೂ ದಾಟುವ ತೂತು ಮಾತ್ರ ಇರಲಿ, ಸ್ಕ್ರೂ ತಲೆ ತಟ್ಟೆಯ ಮೇಲೆ ಕೂರಲಿ. ತಟ್ಟೆಯನ್ನು ಗಾಲಿಗೆ ಬೋಲ್ಟ್ ಮಾಡು. ವೆಲ್ಡ್ ಮಾಡುವಾಗ ನಟ್ಟಿನೊಳಗೆ ಒಂದು ಹಳೇ ಬೋಲ್ಟ್ ತಿರುಗಿಸಿಟ್ಟರೆ ಎಳೆಗೆ ಕಿಡಿ ಅಂಟುವುದಿಲ್ಲ.

ಇನ್ನೊಬ್ಬರು ಹ್ಯಾಮರ್ ಡ್ರಿಲ್ ಆಗುತ್ತಾ ಅಂದರು. ಅದರ ಸ್ಪಿಂಡಲ್ ಹಿಂದೆ ಮುಂದೆ ಆಡುತ್ತದೆ, ಹಾಗೆ ಆಡಿದರೇ ಅದು ಹ್ಯಾಮರ್. ನಮಗೆ ಆ ಆಟ ಬೇಡ. ಸಾದಾ ಡ್ರಿಲ್ ತಗೊಳ್ಳಿ. ಬ್ರಷ್‌ಲೆಸ್ ಡ್ರಿಲ್ಲೂ ಮೊದಲನೆಯದಕ್ಕೆ ಬೇಡ. ಬ್ರಷ್ ಇರುವುದಕ್ಕೆ ಎರಡೇ ತಂತಿ, ಎರಡೂ ದಿಕ್ಕಿಗೆ ಓಡಿಸುವ ಸಾದಾ ಸ್ಪೀಡ್ ಕಂಟ್ರೋಲರ್ ಸಾಕು. ಕಂಟ್ರೋಲರ್ ಕೊಳ್ಳುವಾಗ ಮಾತ್ರ ಚೌಕಾಸಿ ಬೇಡ, ಸಿಕ್ಕಿಕೊಂಡ 550 ಮೋಟರ್ ಹತ್ತಾರು ಆಂಪಿಯರ್ ಎಳೆಯುತ್ತದೆ.

ಪರೀಕ್ಷೆ ಹೇಗೆ ಮಾಡುವುದು ಅಂತ ಒಬ್ಬ ಹುಡುಗಿ ಕೇಳಿದಳು. ರೋಬೋಟನ್ನು ಇಟ್ಟಿಗೆ ಮೇಲೆ ಇಟ್ಟು, ಗಾಲಿ ನೆಲಕ್ಕೆ ತಾಗದಂತೆ ಮಾಡಿ, ಆಮೇಲೇ ಬ್ಯಾಟರಿ ಕೊಂಡಿ ಹಾಕಮ್ಮ. ರೇಡಿಯೋ ಆಫ್ ಮಾಡಿದರೆ ಗಾಲಿ ನಿಲ್ಲುತ್ತದಾ ಅಂತ ಮೊದಲು ನೋಡು. ನಿಲ್ಲದಿದ್ದರೆ ಅಂಥದ್ದನ್ನು ರಿಂಗಿಗೆ ಬಿಡುವುದೇ ಇಲ್ಲ, ಬಿಡಲೂ ಬಾರದು. ಆಮೇಲೆ ಗಾಲಿಗೂ ಹಬ್‌ಗೂ ಸ್ಪಿಂಡಲಿಗೂ ಅಡ್ಡಲಾಗಿ ಮಾರ್ಕರಿನಲ್ಲಿ ಒಂದು ಗೆರೆ ಎಳೆ. ಹತ್ತು ಹದಿನೈದು ಸಲ ಜೋರಾಗಿ ಮುಂದೆ ಹಿಂದೆ ಮಾಡು. ಗೆರೆ ಮುರಿದಿದ್ದರೆ ಎಲ್ಲಿ ಮುರಿದಿದೆ ಅಂತ ನೋಡು, ಸಡಿಲ ಇರುವುದು ಅಲ್ಲೇ. ಎರಡು ಪಂದ್ಯದ ನಡುವೆಯೂ ಇದೇ ಗೆರೆ ನೋಡಿದರೆ ಸಾಕು, ಸ್ಪ್ಯಾನರ್ ಹಿಡಿದು ಒಂದೊಂದನ್ನೇ ಒತ್ತಿ ನೋಡುವ ಸಮಯ ಉಳಿಯುತ್ತದೆ.

ಕೊನೆಗೆ ದುಡ್ಡಿನ ಪ್ರಶ್ನೆ. ಹೊಸ ಡ್ರಿಲ್ ಬೇಕಾ, ಗುಜರಿಯದ್ದು ಸಾಕಾ? ಗುಜರಿಯಲ್ಲಿ ಬ್ಯಾಟರಿ ಸತ್ತ ಡ್ರಿಲ್ ಬೇಕಾದಷ್ಟು ಸಿಗುತ್ತವೆ, ಮೋಟರ್ ಚೆನ್ನಾಗಿಯೇ ಇರುತ್ತದೆ. ನಮಗೆ ಆ ಬ್ಯಾಟರಿ ಹೇಗೂ ಬೇಡ. ಆದರೆ ಒಂದೊಂದು ಕಂಪನಿಯದು ಒಂದೊಂದು ತಂದರೆ ಎಡ ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ಓಡುತ್ತವೆ, ರೋಬೋಟ್ ನೇರ ಹೋಗುವುದಿಲ್ಲ. ಒಂದೇ ಮಾಡೆಲ್ ಎರಡು ಬೇಕೇ ಬೇಕು. ಮೂರು ಸಿಕ್ಕರೆ ಮೂರೂ ತಗೊಳ್ಳಿ. ಮೂರನೆಯದಕ್ಕೂ ಹಬ್ ಮಾಡಿ, ಗಾಲಿ ಕೂರಿಸಿ, ಲಾಕ್‌ಟೈಟ್ ಒಣಗಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಸ್ಪಿಂಡಲ್ ಬಗ್ಗಿದರೆ ಇಡೀ ಗೇರ್‌ಬಾಕ್ಸ್ ಸಮೇತ ಬದಲಿಸಬಹುದು. ಪಂದ್ಯಗಳ ನಡುವೆ ರಿಪೇರಿ ಮಾಡುವ ಪಿಟ್ಟಿನಲ್ಲಿ ಕೂತು ಬಗ್ಗಿದ ಸ್ಪಿಂಡಲ್ ನೇರ ಮಾಡಲು ಯಾರೂ ಸಮಯ ಕೊಡುವುದಿಲ್ಲ.